ಅಕ್ಕನಿಗೆ ಆರಿಸಿದ ಬಂಡಿ

ಲೊಂತ್ ಹೊಳೆಯ ದಂಡೆಯ ನಮ್ಮೂರಲ್ಲಿ ಮೊದಲ ಹಿಮ ಬಿದ್ದರೆ ಸಾಕು, ಗಂಡಸರ ಬಾಯಲ್ಲಿ ಒಂದೇ ಮಾತು. ಬೇಟೆಕಾಡಿಗೆ ಯಾವುದರಲ್ಲಿ ಹೋಗೋದು? ಹಿಮದ ಮೇಲೆ ಓಡುವ ಮೋಟಾರಿನಲ್ಲೇ ಅಗಲ ಪಟ್ಟಿಯ ಹಳೆಯದೋ, ಸಪೂರದ ಹೊಸದೋ? ಇಲ್ಲಾ ಸಾರಂಗ ಕಟ್ಟಿದ ಜಾರುಬಂಡಿಯೋ? ಹೊಸದು ಕೊಂಡವನು ಹೊಸದನ್ನು ಹೊಗಳುತ್ತಾನೆ, ಹಳೆಯದು ಇಟ್ಟುಕೊಂಡವನು ಹಳೆಯದನ್ನು. ಒಲೆಯ ಮೇಲೆ ಚಹಾ ಕುದಿದು ಕಷಾಯವಾದರೂ ಇವರ ಹರಟೆ ಮುಗಿಯುವುದಿಲ್ಲ. ಕೊನೆಗೆ ಎಲ್ಲರೂ ಬರುತ್ತಿದ್ದುದು ನಮ್ಮ ಭಾವ ಯೆರ್ಮೊಲಾಯ್ ಹತ್ತಿರ.

ಭಾವನೋ, ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಜಾತಿ. ಕೇಳಲು ಬಂದವನು ಎರಡು ಲೋಟ ಚಹಾ ಕುಡಿದು, ಮೂರನೆಯದಕ್ಕೆ ಕೈ ಚಾಚುವ ಹೊತ್ತಿಗೆ, "ಹಿಮ ಹೆಂಗಿದೆ?" ಅಂತ ಕೇಳುತ್ತಿದ್ದ. ಅಷ್ಟೇ. ಬಂಡಿಯ ವಿಷಯ ಎತ್ತುತ್ತಿರಲಿಲ್ಲ. ಬಂದವನು ಹಿಮ ಹೇಗಿದೆ ಅಂತ ಹೇಳುತ್ತಾ ಹೋಗಿ, ತಾನೇ ಯಾವುದೋ ಒಂದನ್ನು ಆರಿಸಿಕೊಂಡು, ಯೆರ್ಮೊಲಾಯ್ ಹೇಳಿದ ಅಂತ ಊರೆಲ್ಲ ಸಾರುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಏನೂ ಹೇಳದೆ ದೊಡ್ಡ ಹೆಸರು ಸಂಪಾದಿಸಿದ್ದೀಯ ಭಾವ ಅಂತ ಅವನ ಮುಖದ ಮೇಲೇ ಆಡಿದ್ದೇನೆ. ಅವನು ನಗುತ್ತಿದ್ದ. ನಮ್ಮಕ್ಕ ಉಸ್ತಿನ್ಯಾ ಅವನಿಗಿಂತ ಜೋರಾಗಿ ನಗುತ್ತಿದ್ದಳು.

ಭಾವ ನಮ್ಮ ಮನೆಗೆ ಮನೆ ಅಳಿಯನಾಗಿ ಬಂದವನು. ಅವನ ಕಡೆಯವರು ಹೊಳೆಯ ಕೆಳಗಿನ ಬೆಸ್ತರು, ಬೇಟೆಗೆ ಅಂಗೈಯಗಲ ಕಾಡಿರಲಿಲ್ಲ. ನಮ್ಮಪ್ಪನಿಗೆ ನಾವಿಬ್ಬರೂ ಹೆಣ್ಣು. ಕಾಡು ಮಾತ್ರ ಬೇಕಾದಷ್ಟು: ಪೈನ್ ಮರಗಳ ಒಂದು ಉದ್ದನೆಯ ದಿಣ್ಣೆ, ಎರಡು ಕೆರೆ, ದಿಣ್ಣೆಯ ತುದಿಗೆ ಮರದ ದಿಮ್ಮಿಯ ಒಂದು ಗುಡಿಸಲು. ಹೆಂಡತಿಯ ಕಾಡು ತಿನ್ನುವವನು ಅಂತ ಊರವರು ಹಂಗಿಸಿದರು. ಅಪ್ಪನೂ ಕಮ್ಮಿಯೇನಲ್ಲ. ಮೊದಲ ಚಳಿಗಾಲ ಅಳಿಯನಿಗೆ ಸಾರಂಗ ಕೊಡಲೇ ಇಲ್ಲ. ಕಾಲಿಗೆ ಹಿಮದ ಮೇಲೆ ಜಾರುವ ಉದ್ದ ಹಲಗೆ ಕಟ್ಟಿಕೊಂಡು, ಕೈಬಂಡಿಗೆ ಹಗ್ಗ ಹಾಕಿ ಎದೆಯಿಂದ ಎಳೆದುಕೊಂಡು, ಕಾಡು ಪೂರ್ತಿ ನಡೆದು ಬಾ ಅಂದ. ಇವನು ನಡೆದ. ಮಾರ್ಚಿನಲ್ಲಿ ಬಂದಾಗ ಮುಖದ ಚರ್ಮ ಸುಲಿದು ಹೋಗಿತ್ತು. ಅಪ್ಪ ಹೆಪ್ಪುಗಟ್ಟಿದ ಮೀನನ್ನು ತೆಳ್ಳಗೆ ಹೆರೆದು, ಮೊದಲ ಹೋಳು ಅವನ ಕೈಗಿಟ್ಟ. ಅವತ್ತಿನಿಂದ ಅವನು ನಮ್ಮವನಾದ.

ಆಮೇಲೆ ಸಾರಂಗಗಳು ಬಂದವು, ರೋಗ ಬಂದು ಒಂದೇ ಬೇಸಿಗೆಯಲ್ಲಿ ಹೋದವು. ಮೋಟಾರು ಬಂತು. ಈಗ ಅದು ಅವರ ಮಗ ಅರ್ಕಾದಿಯ ಕೈಯಲ್ಲಿದೆ. ಬಲೆಗೆ ಹೋಗುವುದು ಅದರಲ್ಲೇ, ಬೇಟೆಗೆ ಅದರಲ್ಲೇ, ಸೌದೆಗೆ ಅದರಲ್ಲೇ. ಆ ಮನೆಯಲ್ಲಿ ಸಣ್ಣ ಸಣ್ಣ ಮಕ್ಕಳು. ಆ ಮೋಟಾರು ನಿಂತ ದಿನ ಒಲೆಯೂ ನಿಂತಂತೆ.

ಆ ವರ್ಷ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಪಟ್ಟಣದ ಆಸ್ಪತ್ರೆಯವರು ನೋಡಿ, ನೋವಿನ ಮಾತ್ರೆ ಕೊಟ್ಟು, ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ನಾನು ಗಂಡ ಸತ್ತ ಮೇಲೆ ಅವರ ಪಕ್ಕದ ಮನೆಯಲ್ಲೇ ಇದ್ದವಳು, ಬೆಳಗಾದರೆ ಅವಳ ಮುಖ ತೊಳೆಸಿ ಜಡೆ ಹಾಕುತ್ತಿದ್ದೆ. ಜನವರಿ ಕಳೆಯುವಾಗ ಒಂದು ಬೆಳಿಗ್ಗೆ ಅಕ್ಕ ಭಾವನನ್ನು ಕರೆದಳು.

"ನಾನು ಕಾಡಲ್ಲೇ ಮಲಗ್ಬೇಕು. ಅಪ್ಪ ಅಮ್ಮನ ಪಕ್ಕ. ನಮ್ಮ ಕೂಸಿನ ಪಕ್ಕ. ಈ ಊರಿನ ಮಣ್ಣಿಗೆ ನನ್ನ ಹಾಕ್ಬೇಡ."

ಅವರ ಮೊದಲ ಮಗು ಆ ದಿಣ್ಣೆಯ ಮೇಲೇ ಹುಟ್ಟಿ, ಹಲ್ಲು ಬರುವ ಮೊದಲೇ ಅಲ್ಲೇ ಹೋಗಿತ್ತು. ಭಾವ ಆಯ್ತು ಅಂದ. ಅನ್ನುವುದೇನೋ ಸುಲಭ. ಆ ಸಲ ಬಿದ್ದ ಹಿಮ ಗಂಡಸಿನ ಸೊಂಟದ ಮಟ್ಟ, ಮೇಲೆ ಗಟ್ಟಿ ಪದರವಿಲ್ಲ, ಬರೀ ಹಿಟ್ಟು. ಮತ್ತೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಸತ್ತವರನ್ನು ಸಮಾಧಿಗೆ ಕೊಂಡೊಯ್ದ ಬಂಡಿ ಹಿಂದಕ್ಕೆ ಬರುವಂತಿಲ್ಲ. ಅದನ್ನು ಮಗುಚಿ ಹಾಕಿ, ಕೊಡಲಿಯಿಂದ ಗಾಯ ಮಾಡಿ, ಅಲ್ಲೇ ಬಿಡಬೇಕು. ಬಂಡಿಯನ್ನು ಎಳೆದ ಪ್ರಾಣಿಯೂ ಹಿಂದಕ್ಕೆ ಬರುವಂತಿಲ್ಲ, ಅದನ್ನೂ ಅಲ್ಲೇ ಕೊಲ್ಲಬೇಕು. ಹೋದವರು ಆಚೆಗೆ ನಡೆದುಕೊಂಡು ಹೋಗಲಾಗುತ್ತದೆಯೇ? ಜೀವ ಇರುವಾಗ ಹತ್ತಿಸಿ, ದಾರಿಯಲ್ಲಿ ಜೀವ ಹೋದರೂ ಕಟ್ಟಳೆ ಅದೇ. ಅಕ್ಕ ಆ ದಾರಿ ಮುಗಿಸುತ್ತಾಳೆ ಅನ್ನುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ.

ಅರ್ಕಾದಿ ಮೋಟಾರಲ್ಲೇ ಕರೆದುಕೊಂಡು ಹೋಗೋಣ, ಒಂದೇ ದಿನದ ದಾರಿ ಅಂದ. ಹುಡುಗ ಒಳ್ಳೆಯವನೇ, ಹೇಳುವಾಗ ಮುಖ ಸುಣ್ಣವಾಗಿತ್ತು. ಮೋಟಾರನ್ನು ಅಲ್ಲೇ ಬಿಟ್ಟು ಬಂದರೆ ಮಕ್ಕಳ ಗತಿ ಏನು? ಅವನ ಹೆಂಡತಿ ಒಳಗೆ ಹಿಟ್ಟು ನಾದುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು. ಆಗ ಅವನು ಇನ್ನೊಂದು ಉಪಾಯ ತೆಗೆದ. ಕೆಳಗಿನ ಊರುಗಳಲ್ಲಿ ಈಗೀಗ ಮೋಟಾರಿನ ಒಂದು ಬೋಲ್ಟು ಬಿಚ್ಚಿ ಸಮಾಧಿಯ ಹತ್ತಿರ ಇಟ್ಟು ಬರುತ್ತಾರಂತೆ, ಅಷ್ಟು ಸಾಕಂತೆ.

ಅಕ್ಕ ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡಳು. "ಒಂದು ಬೋಲ್ಟ್ ಮೇಲೆ ಕೂತ್ಕೊಂಡು ಎಲ್ಲಿಗೋ ಹೋಗ್ಲಿ ನಾನು? ಸಾಯ್ತಾ ಇರೋಳಿಗೇ ಟೋಪಿ ಹಾಕ್ತೀಯೇನೋ?"

ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೆ ಯಾರಿಗೂ ಯಾರ ಮುಖ ನೋಡಲಾಗಲಿಲ್ಲ.

ಸುದ್ದಿ ಕೇಳಿ ಹೊಳೆಯಾಚೆಯ ಮುದುಕ ಸಾವ್ವಾ ಬಂದ. ಇಡೀ ಹೊಳೆಗೆ ಸಾರಂಗ ಉಳಿದಿರುವುದು ಅವನ ಹತ್ತಿರ ಮಾತ್ರ, ಅದೂ ನಾಲ್ಕೇ. ಎರಡನ್ನು ಒಯ್ಯಿರಿ ಅಂದ. ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಅಕ್ಕ ಅದಕ್ಕೂ ಒಪ್ಪಲಿಲ್ಲ. ನನ್ನ ಜೊತೆ ಬರೋಕೆ ಆ ಮೂಕ ಪ್ರಾಣಿಗಳಿಗೇನು ಕರ್ಮ, ನಿನ್ನ ಮನೆ ಖಾಲಿ ಮಾಡಿ ನಾನು ಯಾವ ಸುಖಕ್ಕೆ ಹೋಗಲಿ ಸಾವ್ವಾ ಅಂದಳು. ನನಗೆ ರೇಗಿತು. ಮೋಟಾರು ಬೇಡ, ಸಾರಂಗ ಬೇಡ, ಹಾಗಾದರೆ ರೆಕ್ಕೆ ಕಟ್ಟಿಕೊಂಡು ಹೋಗ್ತೀಯಾ ಅಂತ ಕೂಗಾಡಿಬಿಟ್ಟೆ. ಆಮೇಲೆ ಹೊರಗೆ ಸೌದೆ ಒಟ್ಟಿದ ಕಡೆ ಹೋಗಿ ಅತ್ತೆ.

ಭಾವ ಈ ಯಾವ ಮಾತಿಗೂ ಬಾಯಿ ಹಾಕಲಿಲ್ಲ. ದಿನಾ ಕೋಲು ಹಿಡಿದು ಹೊರಗೆ ಹೋಗಿ ಹಿಮಕ್ಕೆ ಚುಚ್ಚಿ ನೋಡಿ ಬರುತ್ತಿದ್ದ. ಒಂದು ದಿನ ಅಟ್ಟದಿಂದ ಹಳೆಯ ಕೈಬಂಡಿ ಇಳಿಸಿ ಅದರ ಕಟ್ಟು ಬಿಗಿ ಮಾಡತೊಡಗಿದ. ಕಾಲಿನ ಹಲಗೆಗಳ ತಳಕ್ಕೆ ಸಾರಂಗದ ಕಾಲಿನ ಹೊಸ ತೊಗಲು ಅಂಟಿಸಿದ, ಹತ್ತುವಾಗ ಹಿಂದಕ್ಕೆ ಜಾರದ ಹಾಗೆ. ನಾನು ನೋಡುತ್ತಾ ನಿಂತೆ.

"ಏನು ಮಾಡ್ತಿದೀಯ ಭಾವ?"

"ನಾನೇ ಎಳೀತೀನಿ."

ಎಪ್ಪತ್ತು ದಾಟಿದ ಮನುಷ್ಯ! ಸೊಂಟದವರೆಗೆ ಹುಗಿಯುವ ಹಿಮದಲ್ಲಿ ನಿನ್ನನ್ನೂ ಸೇರಿಸಿ ಎರಡು ಗುಂಡಿ ತೋಡಿಸಬೇಕೇನೋ ಅಂದೆ. ಆಗ ಅವನು ವಿವರಿಸಿ ಹೇಳಿದ, ನಾನು ಕಂಡ ಹಾಗೆ ಅವನ ಜೀವನದಲ್ಲೇ ಅತಿ ಉದ್ದದ ಮಾತು. ಅರ್ಕಾದಿ ಖಾಲಿ ಮೋಟಾರಿನಲ್ಲಿ ಮುಂದಾಗಿ ಹೋಗಿ ಬಂದು ಹಿಮ ತುಳಿಯುತ್ತಾನೆ. ರಾತ್ರಿಯ ಚಳಿಗೆ ಆ ಜಾಡು ಹಲಗೆಯಂತೆ ಗಟ್ಟಿಯಾಗುತ್ತದೆ. ಮರುದಿನ ಅದರ ಮೇಲೆ ಕೈಬಂಡಿ ತಾನಾಗಿ ಜಾರುತ್ತದೆ, ಮಗುವೂ ಎಳೆಯಬಹುದು. ಮೋಟಾರು ಅವಳನ್ನು ಹೊರುವುದಿಲ್ಲ, ಹಾಗಾಗಿ ಅದು ಮನೆಗೆ ಬರಬಹುದು. ಉಳಿಯುವುದು ಕೈಬಂಡಿ ಮಾತ್ರ.

ಅಕ್ಕನಿಗೆ ಹೇಳಿದೆವು. ಅವಳು ಬಹಳ ಹೊತ್ತು ಗಂಡನನ್ನೇ ನೋಡಿದಳು. ಇದಕ್ಕೆ ಬರ್ತೀನಿ ಅಂದಳು.

ಹೊರಡುವ ದಿನ ಭಾವನ ಬೇಟೆನಾಯಿ ಬಂಡಿ ನೋಡಿ ಕುಣಿಯಿತು. ಅಳಿಲು ಬೇಟೆಗೆ ನಡೆದು ಹೋಗುವಾಗ ಭಾವ ಅದನ್ನು ಬಂಡಿಗೆ ತನ್ನ ಪಕ್ಕಕ್ಕೇ ಕಟ್ಟಿಕೊಳ್ಳುತ್ತಿದ್ದ, ಅರ್ಧ ಭಾರ ಅದೇ ಎಳೆಯುತ್ತಿತ್ತು. ಭಾವ ಅದನ್ನು ಕಂಬಕ್ಕೆ ಕಟ್ಟಿ ಹಾಕಿದ. ಯಾಕೆ ಅಂತ ಕೇಳಿದ್ದಕ್ಕೆ ಬೇಡ ಅಂದ. ಅರ್ಕಾದಿ ಗುಡಿಸಲಲ್ಲಿ ಬೆಂಕಿ ಹಾಕಲು ಮುಂದೆ ಹೋದ. ಅಕ್ಕನನ್ನು ತುಪ್ಪಳದಲ್ಲಿ ಸುತ್ತಿ, ಬಂಡಿಗೆ ಕಟ್ಟಿ, ಭಾವ ಹಗ್ಗವನ್ನು ಎದೆಗೆ ಹಾಕಿಕೊಂಡ. ನಾನು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಂದೆ ನಡೆದೆ.

ಜಾಡು ಅವನು ಹೇಳಿದ ಹಾಗೇ ಗಟ್ಟಿಯಾಗಿತ್ತು. ಆದರೂ ಏರಿನಲ್ಲಿ ಅವನ ಉಸಿರು ಸೀಳುತ್ತಿತ್ತು, ಗಡ್ಡವೆಲ್ಲ ಮಂಜುಗಡ್ಡೆ. ಒಂದು ಏರಿನಲ್ಲಿ ನೋಡಲಾರದೆ ಹಿಂದಿನಿಂದ ತಳ್ಳಲು ಬಗ್ಗಿದೆ. ಅವನು ತಿರುಗಿಯೂ ನೋಡದೆ ಗದರಿದ.

"ನೀನು ಬಂಡಿ ಮುಟ್ಬೇಡ, ಫ್ಯೋಕ್ಲಾ."

ಅಷ್ಟು ವರ್ಷಗಳಲ್ಲಿ ಅವನು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಎಲಾ ಇವನ ಗಂಡಸುತನವೇ ಅಂತ ಒಳಗೊಳಗೇ ಬೈದುಕೊಂಡು ಹಿಂದೆ ಸರಿದೆ.

ರಾತ್ರಿ ಅರ್ಧದಾರಿಯಲ್ಲಿ ಬೇಟೆಗಾರರು ಇಳಿದುಕೊಳ್ಳುವ ಗುಡಿಸಲಲ್ಲಿ ತಂಗಿದೆವು. ಮರುದಿನ ಅಕ್ಕನಿಗೆ ನೋವು ಕಡಿಮೆ ಇತ್ತೋ, ಮೈಯೇ ನೋವನ್ನು ಬಿಟ್ಟಿತ್ತೋ, ಮಾತಾಡಿದಳು. ಮದುವೆಯಾಗಿ ಅವಳನ್ನು ಮೊದಲ ಸಲ ಸಾರಂಗದ ಬಂಡಿಯಲ್ಲಿ ಕೂರಿಸಿಕೊಂಡು ಹೊರಟಾಗ ಭಾವ ಹಗ್ಗ ಕೈಬಿಟ್ಟು, ಸಾರಂಗಗಳು ದಿಕ್ಕೆಟ್ಟು ಓಡಿ, ಇಬ್ಬರೂ ಹಳ್ಳಕ್ಕೆ ಬಿದ್ದಿದ್ದರು. ಅದನ್ನು ನೆನೆಸಿಕೊಂಡು, "ಆವತ್ತಿಗಿಂತ ಇವತ್ತೇ ನೆಟ್ಟಗೆ ಕರ್ಕೊಂಡು ಹೋಗ್ತಿದೀಯ" ಅಂದಳು. ಭಾವ ನಕ್ಕ ಹಾಗೆ ಬೆನ್ನು ಅಲುಗಿತು. ಆಮೇಲೆ ಅವಳು ಮಾತಾಡಲಿಲ್ಲ. ಪೈನ್ ದಿಣ್ಣೆ ಕಣ್ಣಿಗೆ ಬಿದ್ದಾಗ, ಅಕ್ಕಾ, ನೋಡೇ ಅಂತ ಮುಂದೆ ಹೋಗಿ ಬಗ್ಗಿದೆ. ಕಣ್ಣು ತೆರೆದೇ ಇತ್ತು. ರೆಪ್ಪೆಯ ಮೇಲೆ ಬಿದ್ದ ಹಿಮ ಕರಗುತ್ತಿರಲಿಲ್ಲ.

ನಾನು ಹಿಮದಲ್ಲಿ ಕೂತುಬಿಟ್ಟೆ. ಭಾವ ಕೈಗವಸು ತೆಗೆದು ಅವಳ ಕಣ್ಣು ಮುಚ್ಚಿದ, ಮತ್ತೆ ಹಗ್ಗ ಎದೆಗೆ ಹಾಕಿಕೊಂಡು ಎಳೆದ.

ಬೆಂಕಿ ಹಾಕಿ ನೆಲ ಕರಗಿಸಿ ಅಪ್ಪ ಅಮ್ಮನ ಪಕ್ಕ, ಕೂಸಿನ ಪಕ್ಕ ಅವಳನ್ನು ಮಲಗಿಸಿದೆವು. ಅರ್ಕಾದಿ ನಮ್ಮ ಪದ್ಧತಿಯಂತೆ ಸಮಾಧಿಯ ಮೇಲೆ ಮರದ ಸಣ್ಣ ಮನೆ ಕಟ್ಟಿದ. ಭಾವ ಬಂಡಿ ಮಗುಚಿ ಹಾಕಿ, ಕೊಡಲಿಯಿಂದ ಅದರ ಒಂದು ಕಾಲನ್ನು ಕಡಿದ. ತನ್ನ ಪಾಲಿನ ಕೆಲಸ ಮುಗಿಸಿ ಅರ್ಕಾದಿ ಮೋಟಾರು ಶುರು ಮಾಡಿದ. ನಾನು ಹತ್ತಿ ಕೂತೆ, ಭಾವನಿಗೆ ಜಾಗ ಬಿಟ್ಟು. ಅವನು ಬರಲಿಲ್ಲ.

"ಬಾ ಅಪ್ಪ, ಕತ್ತಲಾಗುತ್ತೆ" ಅಂದ ಅರ್ಕಾದಿ.

"ನೀವು ಹೋಗಿ. ಬಂಡಿ ಎಳೆದದ್ದು ನಾನು."

ಅರ್ಕಾದಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ತಕ್ಷಣ ಅರ್ಥವಾಯಿತು. ಇಳಿದು ಹೋಗಿ ಅವನ ತೋಳು ಹಿಡಿದು ಜಗ್ಗಿದೆ. ಅದು ಸಾರಂಗಕ್ಕೆ ಭಾವ, ಮನುಷ್ಯರಿಗಲ್ಲ, ಯಾವ ಹಿರಿಯರೂ ಹಾಗೆ ಹೇಳಿಲ್ಲ ಅಂದೆ. ಬೈದೆ, ಅತ್ತೆ. ಅವನು ಹಗುರವಾಗಿ ನನ್ನ ಕೈ ಬಿಡಿಸಿಕೊಂಡ.

"ನಾನೇನು ಸಾಯ್ತಾ ಇಲ್ಲ ಫ್ಯೋಕ್ಲಾ. ಇಲ್ಲೇ ಇರ್ತೀನಿ, ಅಷ್ಟೆ. ಅಳಿಲು ಹೊಡ್ಕೊಂಡು, ಮೀನು ಹಿಡ್ಕೊಂಡು. ನಿಮಗೆ ಮನೆ ಇದೆ, ಹೋಗಿ."

ಮಗ ಎಷ್ಟೋ ಹೊತ್ತು ಬೇಡಿಕೊಂಡ. ಕೊನೆಗೆ ಇದ್ದ ಹಿಟ್ಟು, ಚಹಾಪುಡಿ, ಗುಂಡು ಎಲ್ಲವನ್ನೂ ಗುಡಿಸಲಲ್ಲಿ ಇಳಿಸಿದ. ಮುಂದಿನ ವಾರ ಇನ್ನಷ್ಟು ತರುತ್ತೇನೆ ಅಂದ. ನಾಯಿಯನ್ನೂ ತಾ ಅಂದ ಭಾವ.

ಹಿಂದಕ್ಕೆ ಬರುವಾಗ ನಮ್ಮದೇ ಜಾಡಿನ ಮೇಲೆ ಬಂದೆವು. ಭಾವನ ಹಲಗೆಯ ಗುರುತಿನ ಎರಡು ಗೆರೆ, ಅವುಗಳ ನಡುವೆ ಬಂಡಿಯ ಗೆರೆ, ಅದರ ಹಿಂದೆ ನನ್ನದು. ಆ ಏರು ಬಂದಾಗ ಮೋಟಾರು ನಿಲ್ಲಿಸು ಅಂತ ಅರ್ಕಾದಿಯ ಬೆನ್ನಿಗೆ ಗುದ್ದಿದೆ. ಇಳಿದು ನಿಂತೆ. ಗಂಡಸುತನ ಅಂತ ಬೈದುಕೊಂಡಿದ್ದೆನಲ್ಲ, ಅದು ಅದಲ್ಲವೇ ಅಲ್ಲ. ಅವತ್ತು ನಾನೂ ಕೈ ಹಾಕಿ ತಳ್ಳಿದ್ದಿದ್ದರೆ ನಾನೂ ಬಂಡಿ ಎಳೆದವಳಾಗುತ್ತಿದ್ದೆ. ಮನೆಯಿಂದ ಹೊರಡುವ ಮೊದಲೇ ಎಲ್ಲವನ್ನೂ ಲೆಕ್ಕ ಹಾಕಿ, ನಾಯಿಯನ್ನು, ಮಗನನ್ನು, ನನ್ನನ್ನು, ಒಬ್ಬೊಬ್ಬರನ್ನಾಗಿ ಆ ಹಗ್ಗದಿಂದ ದೂರ ಇಟ್ಟಿದ್ದ. ಅಲ್ಲಿ ನಿಂತು ಹಿಂದಕ್ಕೆ ತಿರುಗಿ, ಭಾವಾ ಅಂತ ಕೂಗಿದೆ. ದಿಣ್ಣೆ ಆಗಲೇ ಕಾಣುತ್ತಿರಲಿಲ್ಲ. ಅರ್ಕಾದಿ ನನ್ನ ಕೈ ಹಿಡಿದು ಮತ್ತೆ ಹತ್ತಿಸಿದ.