ಸಿಂಬಲ್ ಎಲ್ಲಿ ಹೋಯಿತು?

ದೊಡ್ಡ ಕಂಪನಿಗಳ ಹಂಗಿಲ್ಲದೆ ಹುಡುಗರು ತಾವೇ ಮಾಡಿ ಇತ್ತೀಚೆಗೆ ಬಿಡುತ್ತಿರುವ ಇಂಡಿ ರಾಕ್ ಆಲ್ಬಂಗಳನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಅನ್ನುವ ಹಾಗೆ ಹಾಡುವವನು ಪಿಸುಗುಡುತ್ತಾನೆ. ಗಿಟಾರಿಗೆ ಒಂದಿಷ್ಟು ಎಕೋ ಹಾಕಿ, ತನ್ನ ಹಾಸಿಗೆ, ತನ್ನ ಕಿಟಕಿ, ತನ್ನ ಬೇಜಾರು ಅಂತ ಹತ್ತು ಹಾಡು ಮುಗಿಸಿಬಿಡುತ್ತಾನೆ. ಪಂಕ್ ರಾಕ್‌ನವರು ಕಿರುಚುವುದೇನೋ ಕಿರುಚುತ್ತಾರೆ, ಆದರೆ ಯಾರ ಮೇಲೆ ಸಿಟ್ಟು ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಇದೆಲ್ಲ ಒಂದು ಕಡೆಗಿರಲಿ. ನನ್ನ ದೊಡ್ಡ ತಕರಾರು ಸಿಂಬಲ್‌ನದ್ದು. ಡ್ರಮ್‌ಸೆಟ್ಟಿನ ಮೇಲೆ ತೂಗುವ ಆ ಕಂಚಿನ ತಟ್ಟೆಗೆ ಕೋಲು ಬಿದ್ದರೆ ಝಲ್ ಅನ್ನಬೇಕು, ಕೇಳಿದವನು ಎದ್ದು ಕೂರಬೇಕು. ಈಗಿನ ರೆಕಾರ್ಡಿಂಗುಗಳಲ್ಲಿ ಅದು ಗೋಣಿಚೀಲದೊಳಗಿಂದ ಬಂದ ಹಾಗೆ ಬರುತ್ತದೆ.

ಹೀಗೆ ಹೇಳುವ ಅಧಿಕಾರ ನನಗಿದೆ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಇದ್ದಾಗ ನಾವು ಮೂವರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು, ನಾನು ಡ್ರಮ್ಸ್ ಬಾರಿಸುತ್ತಿದ್ದೆ. ಆಮೇಲೆ ಅಗ್ರಹಾರದಲ್ಲಿ ಮೈಕ್‌ಸೆಟ್ ಅಂಗಡಿ ಹಾಕಿದೆ. ಮದುವೆ, ಗಣೇಶನ ಹಬ್ಬ, ರಾಜಕೀಯದವರ ಸಭೆ, ಎಲ್ಲ ಕಡೆ ಆಳೆತ್ತರದ ಬಾಕ್ಸುಗಳ ಪಕ್ಕದಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಹಾಲ್‌ಗೆ ಕಾಲಿಟ್ಟು ಒಂದು ಚಪ್ಪಾಳೆ ತಟ್ಟಿದರೆ ಸಾಕು, ಯಾವ ಗೋಡೆ ಸದ್ದು ಕೆಡಿಸುತ್ತದೆ ಅಂತ ಹೇಳುತ್ತಿದ್ದೆ. ಹಾಗಾಗಿ ಪ್ರತಿ ಭಾನುವಾರ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಹೊಸ ಆಲ್ಬಂ ಬಗ್ಗೆ ಬರೆಯುವುದು ಅಭ್ಯಾಸವಾಯಿತು. ‘ಸಿಂಬಲ್ ಎಲ್ಲಿ ಹೋಯಿತು, ರಿಪೇರಿಗೆ ಕೊಟ್ಟಿದ್ದಾರಾ?’ ಅಂತ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಸೌಂಡ್ ವಿಷಯದಲ್ಲಿ ಮೈಕ್‌ಸೆಟ್‌ನವನ ಹತ್ತಿರ ವಾದ ಮಾಡುವುದಕ್ಕೆ ಯಾರೂ ಬರಲಿಲ್ಲ.

ಈ ಬೈಗುಳಗಳ ನಡುವೆ ಬೆಳೆದವಳು ನನ್ನ ಮಗಳು. ಗಿಟಾರ್ ಬಾರಿಸುತ್ತಾಳೆ, ಹಾಡು ಕಟ್ಟುತ್ತಾಳೆ. ಹೈಸ್ಕೂಲಿನಲ್ಲಿ ಇದ್ದಾಗಿನಿಂದ ಏನು ಕಟ್ಟಿದರೂ ಮೊದಲು ನನಗೆ ತಂದು ಕೇಳಿಸುತ್ತಿದ್ದಳು, ನಾನು ‘ಹ್ಞೂಂ, ಇನ್ನೂ ಆಗ್ಬೇಕು’ ಅನ್ನುತ್ತಿದ್ದೆ. ಸುಮ್ಮಸುಮ್ಮನೆ ಹೊಗಳಿದರೆ ಮಕ್ಕಳು ಕೆಡುತ್ತಾರೆ ಅನ್ನುವುದು ನನ್ನ ನಂಬಿಕೆ. ಹೋದ ವರ್ಷ ಅವಳೂ ಅವಳ ಇಬ್ಬರು ಗೆಳತಿಯರೂ ಕುವೆಂಪುನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಸದ್ದು ಮಾರ್ದನಿಸದಿರಲಿ ಅಂತ ಗೋಡೆಗೆಲ್ಲ ಹಾಸಿಗೆ ಒರಗಿಸಿಕೊಂಡು, ಏಳು ಹಾಡು ರೆಕಾರ್ಡ್ ಮಾಡಿದರು. ಅದು ಅವರ ಮೊದಲ ಆಲ್ಬಂ. ಮಿಕ್ಸಿಂಗ್ ಮಾತ್ರ ಬಾಕಿಯಿತ್ತು, ಅಂದರೆ ಯಾವ ವಾದ್ಯ ಎಷ್ಟು ಕೇಳಿಸಬೇಕು ಅಂತ ಹದ ಮಾಡುವುದು. ಅದನ್ನು ಮಗಳೇ ಮಾಡಿ, ನನ್ನ ಮುಂದೆ ಲ್ಯಾಪ್‌ಟಾಪ್ ಇಟ್ಟಳು.

‘ಸಿಂಬಲ್ ಎಲ್ಲಮ್ಮ?’ ಅಂದೆ.

‘ಇದ್ಯಲ್ಲಪ್ಪ.’

‘ನನ್ ಕಿವೀಗೆ ಬೀಳ್ತಿಲ್ಲ ಅಂದ್ರೆ ಇಲ್ಲ ಅಂತ್ಲೇ ಅರ್ಥ. ಏರ್ಸು.’

ಏರಿಸಿ ತಂದಳು. ಸಾಲದು ಅಂದೆ. ಮೂರನೇ ಸಲ ತಂದಾಗ ನನ್ನ ಕಾಲಕ್ಕೇ ಹೋದ ಹಾಗಾಯಿತು. ಝಲ್ ಅಂತ ಬಂತು, ದೂರದಿಂದ, ಆದರೂ ಬಂತು. ‘ಇದು ಚೆನ್ನಾಗಿದೆ ಕಣಮ್ಮ. ಈಚೆಗೆ ನಾನು ಕೇಳಿದ್ರಲ್ಲೆಲ್ಲ ಇದೇ ಚೆನ್ನಾಗಿರೋದು’ ಅಂದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.

ಆಲ್ಬಂ ಇಂಟರ್ನೆಟ್ಟಿಗೆ ಹೋದ ವಾರದಲ್ಲೇ ಕಾಮೆಂಟುಗಳು ಶುರುವಾದವು. ಹಾಡು ಚೆನ್ನಾಗಿದೆ, ಆದರೆ ಕಿವಿಗೆ ಸೂಜಿ ಚುಚ್ಚಿದ ಹಾಗಿದೆ ಅಂತ ಒಬ್ಬ. ಎರಡನೇ ಹಾಡಿಗೇ ಹೆಡ್‌ಫೋನ್ ಕಿತ್ತಿಟ್ಟೆ ಅಂತ ಇನ್ನೊಬ್ಬ. ನನಗೆ ಪಿತ್ತ ನೆತ್ತಿಗೇರಿತು. ಫೋನ್ ಹಿಡಿದು ಕೂತು ಒಬ್ಬೊಬ್ಬರಿಗೂ ಉತ್ತರ ಬರೆದೆ. ಪಿಸುಮಾತು ಕೇಳಿ ಕೇಳಿ ನಿಮ್ಮ ಕಿವಿಗಳು ಸತ್ತುಹೋಗಿವೆ ಅಂತಲೂ ಬರೆದೆ. ಮಗಳು ‘ಬಿಡಪ್ಪ, ಯಾಕೆ ಜಗಳ’ ಅಂದಳು. ಡ್ರಮ್ಸ್ ಬಾರಿಸುತ್ತಿದ್ದ ಗೆಳತಿ ಆಮೇಲೆ ನಮ್ಮ ಮನೆ ಕಡೆ ಬರುವುದನ್ನು ನಿಲ್ಲಿಸಿದಳು, ಬ್ಯಾಂಡೂ ನಿಂತಿತು. ಈಗಿನವರಿಗೆ ತಾಳ್ಮೆಯಿಲ್ಲ ಅಂತ ಅದಕ್ಕೂ ಒಂದು ಷರಾ ಬರೆದುಕೊಂಡೆ.

ಅದಾಗಿ ಎರಡು ತಿಂಗಳಿಗೆ, ನಮ್ಮ ಬಡಾವಣೆಯಲ್ಲೇ ನಿವೃತ್ತ ಮೇಷ್ಟ್ರೊಬ್ಬರಿಗೆ ಸನ್ಮಾನವಿತ್ತು. ಸೌಂಡ್ ನನ್ನದು. ಮೇಷ್ಟ್ರು ಮೈಕ್ ಹಿಡಿದುಕೊಂಡು ಬಾಕ್ಸಿನ ಮುಂದಕ್ಕೆ ಬಂದರು. ಇದ್ದಕ್ಕಿದ್ದ ಹಾಗೆ ಇಡೀ ಹಾಲ್‌ನಲ್ಲಿ ಜನ ಕಿವಿ ಮುಚ್ಚಿಕೊಳ್ಳತೊಡಗಿದರು. ಇವರಿಗೆಲ್ಲ ಏನು ಬಂತು ಅಂತ ನಾನು ಮಿಕ್ಸರಿನ ಪಕ್ಕ ಕೈಕಟ್ಟಿಕೊಂಡು ನೋಡುತ್ತಾ ನಿಂತಿದ್ದೆ. ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನೇರ ನನ್ನ ಹತ್ತಿರ ಬಂದರು.

‘ರೀ, ಕಿವಿ ತೂತಾಗೋಯ್ತು ಕಣ್ರೀ! ಮೊದ್ಲು ಅದನ್ನ ನಿಲ್ಸ್ರೀ!’

‘ಯಾವುದನ್ನಮ್ಮ?’ ಅಂದೆ.

ಆಕೆ ನನ್ನ ಮುಖವನ್ನು ನೋಡಿದ ರೀತಿ ನಾನು ಬದುಕಿರುವವರೆಗೂ ಮರೆಯುವುದಿಲ್ಲ. ಮಿಕ್ಸರಿನ ಕೆಂಪು ದೀಪ ನೋಡಿ ಗೊತ್ತಾಯಿತು, ಮೈಕ್ ಕೂಗಿಕೊಳ್ಳುತ್ತಿತ್ತು. ಬಾಕ್ಸಿನ ಸದ್ದನ್ನೇ ಮತ್ತೆ ಹಿಡಿದು ಕೀ ಅಂತ ಕೂಗುವ ಆ ಶಬ್ದ ಮಲಗಿದ್ದವರನ್ನೂ ಎಬ್ಬಿಸುತ್ತದೆ. ಅದನ್ನು ತಡೆಯುವುದೇ ನನ್ನ ಕಸುಬು. ಹಾಲ್‌ನಲ್ಲಿದ್ದ ಅಷ್ಟು ಜನರಲ್ಲಿ ಅದು ಕೇಳಿಸದೆ ನಿಂತಿದ್ದವನು ನಾನೊಬ್ಬನೇ.

ಕೃಷ್ಣಮೂರ್ತಿಪುರಂನ ಒಂದು ಕ್ಲಿನಿಕ್ಕಿನಲ್ಲಿ ಕಿವಿ ತೋರಿಸಿದೆ. ಗಾಜಿನ ಗೂಡಿನೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಅಂದರು. ಒಂದಷ್ಟು ಒತ್ತಿದೆ. ಆಮೇಲೆ ಸುಮಾರು ಹೊತ್ತು ಏನೂ ಬರಲಿಲ್ಲ. ‘ಮುಂದಿಂದು ಹಾಕಮ್ಮ’ ಅಂದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಮೆತ್ತಗೆ, ‘ಎಲ್ಲಾ ಹಾಕಿ ಮುಗೀತು ಸರ್’ ಅಂದಳು. ಕೀಚಲು ಸದ್ದುಗಳೆಲ್ಲ ಹೋಗಿ ಬಹಳ ವರ್ಷಗಳಾಗಿರಬೇಕಂತೆ. ಇಲಿ ಸ್ವಲ್ಪಸ್ವಲ್ಪವೇ ಮೂಟೆ ಖಾಲಿ ಮಾಡಿದ ಹಾಗೆ ಹೋಗಿದೆ, ನನಗೆ ಸುಳಿವೇ ಸಿಕ್ಕಿಲ್ಲ.

ಕಿವಿಗೆ ಮೆಷಿನ್ ಬಂತು. ಹಾಕಿಕೊಂಡ ಮೊದಲ ದಿನ ಹಳೆಯ ಭಾನುವಾರಗಳ ಆಲ್ಬಂಗಳನ್ನು ಒಂದೊಂದಾಗಿ ತೆಗೆದು ಕೇಳಿದೆ. ಎಲ್ಲದರಲ್ಲೂ ಸಿಂಬಲ್ ಇತ್ತು. ನಾನು ಗೋಣಿಚೀಲ ಅಂದಿದ್ದರಲ್ಲೂ ಇತ್ತು. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಇಷ್ಟು ವರ್ಷ ಒಬ್ಬನಾದರೂ ನನ್ನ ಮಾತಿಗೆ ಎದುರಾಡಬಾರದಿತ್ತೇ ಅಂತ. ಒಂದು ಮಾತು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ಆ ಹಾಸಿಗೆ, ಕಿಟಕಿ, ಬೇಜಾರಿನ ಸಾಹಿತ್ಯ ಮೆಷಿನ್ ಹಾಕಿಕೊಂಡರೂ ಕಳಪೆಯೇ.

ಕೊನೆಗೆ ಮಗಳ ಆಲ್ಬಂ ಹಾಕಿದೆ. ಮೊದಲ ಹಾಡೇ ಮುಗಿಸಲಾಗಲಿಲ್ಲ. ಸ್ಟೀಲ್ ತಟ್ಟೆಗಳನ್ನು ಸಿಮೆಂಟಿನ ಮೇಲೆ ಎಳೆದಾಡಿದ ಹಾಗಿತ್ತು. ಮಹಡಿ ಹತ್ತಿ ಹೋದೆ. ಅವಳು ಗಿಟಾರಿನ ಕೇಬಲ್ ಸುತ್ತುತ್ತಾ ಕೂತಿದ್ದಳು.

‘ನನ್ ಕಿವಿ ಹೋಗಿರೋದು ನಿಂಗೆ ಗೊತ್ತಿತ್ತಾ?’ ಅಂದೆ.

‘ಮೂರನೇ ಸಲ ಹಾಕ್ದಾಗ ಅಮ್ಮ ಅಡುಗೆಮನೇಲಿ ಕಿವಿ ಮುಚ್ಕೊಂಡ್ರು. ಆಗ್ಲೇ ಗೊತ್ತಾಯ್ತು.’

‘ಮತ್ತ್ಯಾಕೆ ಹಂಗೇ ಬಿಟ್ಬುಟ್ಟೆ? ಆ ಹುಡುಗಿ ಬ್ಯಾಂಡ್ ಬಿಟ್ಟಿದ್ದು ಇದಕ್ಕೇನಾ? ಹೇಳಕ್ಕೇನಾಗಿತ್ತು ನಿಂಗೆ?’ ನನ್ನ ದನಿ ಜೋರಾಗಿತ್ತು. ಮೆಷಿನ್ ಇದ್ದದ್ದರಿಂದ ಅದು ನನಗೂ ಕೇಳಿಸಿತು.

‘ಅವಳು ಬೇಡ ಅಂತ ಹಟ ಮಾಡಿದ್ಲು. ನಾನೇ ಜಗಳ ಆಡ್ದೆ’ ಅಂದಳು. ‘ನೀನು ಚೆನ್ನಾಗಿದೆ ಅಂದ್ಬುಟ್ಟಿದ್ಯಲ್ಲಪ್ಪ. ಹುಟ್ಟಿದಾಗ್ನಿಂದ ಅದೊಂದ್ಸಲ.’

ಮೊದಲು ಮಾಡಿದ್ದ ಮಿಕ್ಸ್ ಹಾಕು ಅಂದೆ. ಬೇಡಪ್ಪ ಅಂದಳು, ಆಮೇಲೆ ಹಾಕಿದಳು. ಏಳು ಹಾಡನ್ನೂ ಕೂತು ಕೇಳಿದೆ. ಸಿಂಬಲ್ ಎಲ್ಲಿರಬೇಕೋ ಅಲ್ಲಿತ್ತು. ಅವಳ ದನಿಯ ಹಿಂದೆ ತೆಳ್ಳಗೆ ಬಂದು ಹೋಗುತ್ತಿತ್ತು. ನಾನು ಹುಡುಗನಾಗಿದ್ದಾಗ ಬಾರಿಸಬೇಕು ಅಂತ ಆಸೆಪಟ್ಟದ್ದು ಇದನ್ನೇ. ಒಂದು ತಪ್ಪು ಹುಡುಕೋಣ ಅಂದರೂ ಸಿಗಲಿಲ್ಲ.

‘ತುಂಬಾ ಚೆನ್ನಾಗಿದೆ ಕಣಮ್ಮ. ನಿಜವಾಗ್ಲೂ’ ಅಂದೆ.

ಅವಳು ಕೇಬಲ್‌ನಿಂದ ಕಣ್ಣೆತ್ತಿ ನಕ್ಕಳು. ‘ಥ್ಯಾಂಕ್ಸ್ ಅಪ್ಪ’ ಅಂದಳು, ಮದುವೆಮನೆ ಬಾಗಿಲಲ್ಲಿ ನಿಂತು, ಊಟ ಚೆನ್ನಾಗಿತ್ತು ಅಂದವರಿಗೆಲ್ಲ ಹೇಳುತ್ತಾರಲ್ಲ, ಹಾಗೆ.