ತಪ್ಪು ಹೇಳಿದವರಿಗೆ ಬಕೆಟ್ಟು

ನಮ್ಮ ಶಾಲೆಯ ಎರಡನೇ ಕ್ಲಾಸಿನ ಮಿಸ್ಸಿಗೆ ಎಲ್ಲರೂ ಇಟ್ಟ ಹೆಸರು ಬಕೆಟ್ ಮಿಸ್. ಹೆಡ್‌ಮಾಸ್ಟರಿಗೆ ಬಕೆಟ್ ಹಿಡಿಯುವವಳಲ್ಲ, ಪಾಪ. ಅವಳದು ನಿಜವಾದ ಬಕೆಟ್ಟು. ಅದಕ್ಕೆ ನೀರು ತುಂಬುವವಳು ಆಯಾ ಆದ ನಾನು, ಚೆಲ್ಲಿದ ನೀರು ಒರೆಸುವವಳೂ ನಾನು, ಹೆಸರು ಮಾತ್ರ ಅವಳಿಗೆ! ನನ್ನ ಮಗಳ ವಯಸ್ಸಿನವಳು, ಮುಖಕ್ಕೇ ಬೈಯುತ್ತಿದ್ದೆ.

ಬಂದ ಹೊಸತರಲ್ಲಿ ಅವಳು ಬ್ಯಾಗಿನಿಂದ ಕಲ್ಲು, ಬೆಂಡು, ಚಮಚ ತೆಗೆದು, "ಇದು ಮುಳುಗುತ್ತಾ, ತೇಲುತ್ತಾ?" ಎಂದರೆ ಮಕ್ಕಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ತಪ್ಪಾದರೆ ಬೈಸಿಕೊಳ್ಳಬೇಕೆಂಬ ಹೆದರಿಕೆ. ಅದಕ್ಕೆ ಅವಳು ಒಂದು ಕಾನೂನು ಮಾಡಿದಳು: ತಾನು ಹಾಕಿ ತೋರಿಸಿದ ಮೇಲೆ, ತಪ್ಪು ಹೇಳಿದವರು ತಾವೇ ನೀರಿಗೆ ಕೈಹಾಕಿ ಪರೀಕ್ಷೆ ಮಾಡಬೇಕು.

"ಗೊತ್ತಿರೋರಿಗೆ ನೀರ್ಯಾಕೆ ಆಯಮ್ಮಾ? ಗೊತ್ತಿಲ್ದೋರು ಮುಟ್ಟಿ ನೋಡ್ಲಿ," ಎಂದಳು ನನಗೆ.

ಮಕ್ಕಳೇನು ಕಡಿಮೆಯೇ? ಹದಿನೈದೇ ದಿನದಲ್ಲಿ ಇಡೀ ಕ್ಲಾಸು ಬೇಕೆಂದೇ ತಪ್ಪು ಹೇಳತೊಡಗಿತು. ಕಬ್ಬಿಣದ ಬೀಗ ತೋರಿಸಿದರೆ, "ತೇಲುತ್ತೆ ಮಿಸ್!" ಮೊಳಕೈವರೆಗೆ ಮುಳುಗಿಸಿ, ಯೂನಿಫಾರ್ಮು ತೋಯಿಸಿಕೊಂಡು ಕಿಲಕಿಲ. ಅವಳೂ ಜೊತೆಗೆ ನಗುವಳು. ನನಗೆ ಮೈಯೆಲ್ಲ ಉರಿ.

ಹೀಗಿರುವಾಗ ತಪಾಸಣೆಗೆ ಸಾಹೇಬರು ಬಂದರು. ಮಿಸ್ಸಿನ ಕೆಲಸ ತಾತ್ಕಾಲಿಕ. ಅವಳನ್ನು ಉಳಿಸಿಕೊಳ್ಳುವುದೋ ಮನೆಗೆ ಕಳಿಸುವುದೋ ಎಂಬುದು ಆ ದಿನದ ವರದಿಯ ಮೇಲೆ ನಿಂತಿತ್ತು. ಅವಳ ಗಂಡನ ಟೈಲರ್ ಅಂಗಡಿ ಮುಚ್ಚಿ ವರ್ಷವಾಗಿತ್ತು. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲೇ.

ಸಾಹೇಬರು ಮೇಜಿನ ಮೇಲಿದ್ದ ಕಲ್ಲೆತ್ತಿ ಕೇಳಿದರು, "ಮಕ್ಕಳೇ, ಇದು ನೀರಲ್ಲಿ ಏನಾಗುತ್ತೆ?"

"ತೇಲುತ್ತೆ ಸಾರ್!" ಮೂವತ್ತು ಗಂಟಲು ಒಟ್ಟಿಗೆ.

ಸಾಹೇಬರ ಪೆನ್ನು ಹೊರಬಂತು. ಮಿಸ್ಸಿನ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿದ್ದ ನನಗೆ ತಡೆಯಲಾಗಲಿಲ್ಲ.

"ಸುಳ್ಳು ಸಾರ್! ಎಲ್ಲಾ ಗೊತ್ತು ಈ ಕಳ್ಳರಿಗೆ. ತಪ್ಪು ಹೇಳಿದ್ರೆ ನೀರಿಗೆ ಕೈ ಹಾಕೋಕೆ ಸಿಗುತ್ತೆ, ಅದಕ್ಕೇ ಈ ನಾಟಕ!"

"ನೀವು ಸುಮ್ನಿರಿ ಅಮ್ಮಾ," ಎಂದರು ಸಾಹೇಬರು. ನಂಬಲಿಲ್ಲ.

ಅಷ್ಟರಲ್ಲಿ ಮೊದಲ ಬೆಂಚಿನ, ಹಲ್ಲು ಬಿದ್ದ ಹುಡುಗಿಯೊಬ್ಬಳು ತನ್ನ ಡಬ್ಬಿಯಲ್ಲಿದ್ದ ಕಿತ್ತಳೆಹಣ್ಣನ್ನು ಅವರ ಕೈಗಿಟ್ಟಳು. "ಇದು? ನೀವ್ ಹೇಳಿ ಸಾರ್."

ಸಾಹೇಬರು ಅಂಗೈಯಲ್ಲೇ ತೂಗಿ ನೋಡಿದರು. "ಭಾರ ಇದೆ. ಮುಳುಗುತ್ತೆ."

ಹುಡುಗಿ ಹಣ್ಣನ್ನು ಬಕೆಟ್ಟಿಗೆ ಹಾಕಿದಳು. ತೇಲಿತು.

"ತಪ್ಪೂ! ಸಾರ್ ತಪ್ಪು! ಸಾರ್‌ಗೆ ಬಕೆಟ್ಟು!" ಮಕ್ಕಳು ಕುಣಿದಾಡಿದರು. ಮಿಸ್ ಕಣ್ಣು ಮುಚ್ಚಿಕೊಂಡಳು. ಕಥೆ ಮುಗಿಯಿತು ಎಂದುಕೊಂಡೆ ನಾನೂ. ಎಷ್ಟೇ ಬೈದರೂ ಅವಳೆಂದರೆ ನನಗೆ ಪ್ರಾಣ.

ಸಾಹೇಬರು ಒಮ್ಮೆ ಸುತ್ತ ನೋಡಿದರು. ವಾಚು ಬಿಚ್ಚಿಟ್ಟು, ತೋಳು ಮಡಚಿ, ಕಿತ್ತಳೆಯನ್ನು ತಳದವರೆಗೆ ಒತ್ತಿ ಬಿಟ್ಟರು. ಪುಳಕ್ಕನೆ ಮೇಲೆ ಬಂತು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ಪ್ಯಾಂಟೆಲ್ಲ ಒದ್ದೆ.

"ಸಾಕು ಸಾರ್, ಬೇರೆಯವ್ರಿಗೆ ಬಿಡಿ," ಎಂದಳು ಹುಡುಗಿ.

ಸಾಹೇಬರು ಮನಸ್ಸಿಲ್ಲದ ಮನಸ್ಸಿನಿಂದ ಕೈ ತೆಗೆದರು. ಮೇಜಿನ ಮೇಲಿನ ಕಲ್ಲನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಆಮೇಲೆ ಕಲ್ಲನ್ನೆತ್ತಿಕೊಂಡು, ಮಿಸ್ಸಿನ ಕಡೆ ತಿರುಗಿ, ಬಹಳ ಗಂಭೀರವಾಗಿ ಹೇಳಿದರು:

"ಇದು ಖಂಡಿತ ತೇಲುತ್ತೆ, ಮಿಸ್."

ಅವಳ ಕೆಲಸ ಉಳಿಯಿತು. ನಾನು ನೆಲ ಒರೆಸುವ ಬಟ್ಟೆ ತರಲು ಹೋದೆ.