ಲಿಂಗಸುಗೂರಿನಲ್ಲಿ ಭಾಷಣ, ರಸ್ತೆ ಮೇಲೆ ಭತ್ತ

ಲಿಂಗಸುಗೂರಿನಲ್ಲಿ ಶಿಕ್ಷಕರಿಗೆ ಶಾಲಾ ಸುರಕ್ಷತೆಯ ತರಬೇತಿ ಇತ್ತು. ‘ಅನಾಹುತಕ್ಕೆ ಮುಂಚೆ ಏನು ಮಾಡಬೇಕು’ ಎನ್ನುವುದು ನಾನು ಮಾತಾಡಬೇಕಾದ ವಿಷಯ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಮಾತಿಗೇನು ಬರ?

ಅದೇ ದಿನ ನಮ್ಮೂರ ಮುಂದೆ, ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯ ಅರ್ಧ ಅಗಲಕ್ಕೆ, ನಮ್ಮ ಭತ್ತ ಒಣಗಲು ಬಿದ್ದಿತ್ತು. ಮನೆಗೆ ವರ್ಷದ ಅನ್ನ ಅದು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ನಮಗೆ ರಸ್ತೆಯೇ ಕಣ. ಮುಚ್ಚುವ ತಾಡಪತ್ರಿಯನ್ನು ಮಾತ್ರ ಮೋಡ ಕಂಡ ಮೇಲೆಯೇ ಕೊಳ್ಳುತ್ತೇವೆ. ಮೊದಲೇ ತಂದರೆ ಮಳೆಯನ್ನು ಕರೆದಂತೆ ಎಂದು ನಾನೂ ಹೇಳಿಕೊಂಡು ಬಂದವನೇ.

"ಹದಿನೈದು ದಿನ ಆತು, ತಾಡಪತ್ರಿ ತರ್ರಿ ಅಂತ ಬಡಕೊಳ್ಳಾಕತ್ತೀನಿ," ಎಂದು ಹೊರಡುವಾಗಲೂ ಹೆಂಡತಿ ಅಂದಳು.

"ಮಳಿ ಬಂದ್ರ ನೋಡೋಣ ಬಿಡು. ಈಗೇನು ಅವಸರ?" ಎಂದು ಗಾಡಿ ಹತ್ತಿದೆ.

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಬಂತು?’ ಎಂದು ಸಭೆಯಲ್ಲಿ ಕೈಯೆತ್ತಿ ಕೇಳುತ್ತಿದ್ದಾಗಲೇ ಅವಳ ಫೋನು ಬಂತು.

"ಮುಗಿಲು ಕರ್ರಗಾಗೈತ್ರಿ!"

ಭಾಷಣಕ್ಕೆ ಅಲ್ಲೇ ಮಂಗಳ ಹಾಡಿದೆ. ಜೋರು ಚಪ್ಪಾಳೆ ಬಿತ್ತು. ಊಟದ ಹೊತ್ತಾಗಿತ್ತು.

ಮಸ್ಕಿಯ ತಾಡಪತ್ರಿ ಅಂಗಡಿಯ ಮುಂದೆ ಅರ್ಧ ತಾಲೂಕೇ ನೆರೆದಿತ್ತು. "ಎಲ್ಲಾ ಖಲಾಸ್ ಸರ. ನಿನ್ನೆ ಬರಬೇಕಿತ್ತು ನೋಡ್ರಿ," ಎಂದ ಅಂಗಡಿಯವನು. ನನಗೆ ಮೈಯೆಲ್ಲ ಉರಿಯಿತು. ತಪ್ಪು ನಮ್ಮದೇ ಇದ್ದಾಗ ಸಿಟ್ಟು ತುಸು ಹೆಚ್ಚೇ ಬರುತ್ತದೆ.

ಊರು ಮುಟ್ಟುವಾಗ ಹನಿ ಶುರುವಾಗಿತ್ತು. ಗಾಡಿ ನಿಲ್ಲಿಸಿ ನೋಡಿದರೆ ಭತ್ತ ಕಾಣಲೇ ಇಲ್ಲ. ಅದರ ಮೇಲೆ ಉದ್ದಕ್ಕೂ ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶದ ಸ್ವಾಗತ, ಚುನಾವಣೆಯಲ್ಲಿ ಗೆದ್ದವರು, ಸೋತವರು, ಎಲ್ಲರೂ ಕೈಮುಗಿದು ಮಲಗಿದ್ದರು. ಹಳೆಯ ಫ್ಲೆಕ್ಸ್ ಬ್ಯಾನರ್‌ಗಳನ್ನು ಕೇಳಿ ಕೇಳಿ ತಂದು, ನಾನು ಶಾಲೆಗೆ ಹೋದಾಗ ಹೆಂಡತಿ ದಬ್ಬಣದಿಂದ ಹೊಲಿದು ಜೋಡಿಸಿದ್ದಳಂತೆ.

"ಮತ್ತ ನನಗ್ಯಾಕ ತಾಡಪತ್ರಿ ಕೇಳ್ತಿದ್ದಿ?"

"ನಿಮ್ಮನ್ನ ಕೇಳಾಕೂ ಹತ್ತಿದ್ದೆ, ಇವನ್ನ ಹೊಲಿಯಾಕೂ ಹತ್ತಿದ್ದೆ. ನಿಮ್ಮೊಬ್ಬರನ್ನ ನಂಬಿ ಕುಂತ್ರ ನೆಲ್ಲು ಉಳೀತಿತ್ತೇನು?"

ನನಗೆ ಮೊದಲೇ ಹೇಳಿದ್ದರೆ ಕಸ ಎಂದು ಬೈಯುತ್ತಿದ್ದೆ, ಅದೂ ನಿಜ. ಅಂಚಿಗೆಲ್ಲ ಕಲ್ಲು ಹೇರಿದ್ದಳು. ಒಂದು ಮೂಲೆ ಮಾತ್ರ ಗಾಳಿಗೆ ಪಟಪಟ ಏಳುತ್ತಿತ್ತು.

"ಭಾಷಣ ಮುಗೀತೇನ್ರಿ?"

"ಮುಗೀತು."

"ಹಂಗಾರ ಆ ಮೂಲ್ಯಾಗ ಹೋಗಿ ಕುಂದರ್ರಿ. ಒಂದು ಕಲ್ಲು ಕಡಿಮಿ ಬಿದ್ದೈತಿ."

ಮಳೆ ನಿಲ್ಲುವವರೆಗೆ ಅಲ್ಲೇ ಕೂತಿದ್ದೆ. ನಾಚಿಕೆಯಾಯಿತು. ಆದರೆ ನನ್ನ ಕೆಳಗಿನ ಭತ್ತದ ಒಂದು ಕಾಳೂ ನೆನೆಯಲಿಲ್ಲ.